ವಾಟ್ ಅಳೆಯುವುದು ಶಕ್ತಿಯನ್ನೋ ಸಾಮರ್ಥ್ಯವನ್ನೋ?

ವಿದ್ಯುತ್ತಿನ ಲೆಕ್ಕಗಳನ್ನು ಕನ್ನಡದಲ್ಲಿ ಬರೆಯುವಾಗ ಎರಡು ಕಡೆ ಲೇಖನಿ ತಡೆಯುತ್ತದೆ. ವೋಲ್ಟೇಜನ್ನು ಪ್ರವಾಹದಿಂದ (ಕರೆಂಟ್) ಭಾಗಿಸಿದರೆ ಬರುವುದು, ಅಂದರೆ ಇಂಗ್ಲಿಷಿನ ರೆಸಿಸ್ಟೆನ್ಸ್, ರೋಧವೋ ಪ್ರತಿರೋಧವೋ? ಅವೆರಡನ್ನು ಗುಣಿಸಿದರೆ ಬರುವುದು, ಅಂದರೆ ಇಂಗ್ಲಿಷಿನ ಪವರ್, ಶಕ್ತಿಯೋ ಸಾಮರ್ಥ್ಯವೋ? ಬಲ್ಲವರು ದಯವಿಟ್ಟು ತಿಳಿಸಿ.

ಮೊದಲನೆಯದರಲ್ಲಿ ನನ್ನ ಒಲವು ರೋಧದ ಕಡೆಗೆ. ಚಿಕ್ಕ ಪದ, ರೋಧಕ (ರೆಸಿಸ್ಟರ್), ರೋಧಶೀಲತೆ (ರೆಸಿಸ್ಟಿವಿಟಿ) ಅದರಿಂದ ಸಲೀಸಾಗಿ ಹುಟ್ಟುತ್ತವೆ. ನಿರೋಧ ಮಾತ್ರ ಖಂಡಿತ ಬೇಡ. ನಿರೋಧಕ ಎಂದ ಕೂಡಲೇ ಓದುಗರಿಗೆ ಹೊಳೆಯುವುದು ವಿದ್ಯುತ್ತನ್ನು ಹರಿಯಗೊಡದ ರಬ್ಬರ್, ಪಿಂಗಾಣಿಯಂಥ ವಸ್ತು.

ನಿಜವಾದ ತೊಡಕಿರುವುದು ಎರಡನೆಯದರಲ್ಲಿ. ನೀರು ಕಾಯಿಸುವ ಕಾಯಿಲ್ ಒಂದಕ್ಕೆ 230 ವೋಲ್ಟ್ ಕೊಟ್ಟಾಗ 5 ಆಂಪಿಯರ್ ಹರಿಯಿತೆನ್ನಿ. ಭಾಗಿಸಿದರೆ ರೋಧ 46 ಓಮ್, ಗುಣಿಸಿದರೆ 1150 ವಾಟ್. ಅಂದರೆ ಪ್ರತಿ ಸೆಕೆಂಡಿಗೆ 1150 ಜೂಲ್ ಶಕ್ತಿ ಶಾಖವಾಗುತ್ತಿದೆ. ಶಕ್ತಿಯ ಮಾನ ಜೂಲ್. ಅದು ಖರ್ಚಾಗುವ ವೇಗದ ಮಾನ ವಾಟ್. ಇದೇ ಕಾಯಿಲ್ ಒಂದು ಗಂಟೆ ಉರಿದರೆ 41.4 ಲಕ್ಷ ಜೂಲ್, ಅಂದರೆ 1.15 ಯೂನಿಟ್ ಖರ್ಚು. ಎರಡನ್ನೂ ‘ವಿದ್ಯುತ್ ಶಕ್ತಿ’ ಎಂದೇ ಕರೆದರೆ ‘ಗಂಟೆಗೆ 1150 ವಾಟ್ ಬಳಸುತ್ತದೆ’ ಎಂಬಂಥ ವಾಕ್ಯ ನುಸುಳುತ್ತದೆ. ಇದು ತಪ್ಪು. ಕಾಲದ ಲೆಕ್ಕ ವಾಟ್‌ನೊಳಗೇ ಅಡಗಿರುವಾಗ ಮತ್ತೆ ‘ಗಂಟೆಗೆ’ ಏಕೆ?

ಹಾಗೆಂದು ಸಾಮರ್ಥ್ಯವೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಬ್ಯಾಟರಿಯ ಸಾಮರ್ಥ್ಯವೆಂದರೆ ಅದು ತುಂಬಿಕೊಳ್ಳುವ ಪ್ರಮಾಣ, ಅದನ್ನು ಆಂಪಿಯರ್-ಗಂಟೆಗಳಲ್ಲಿ ಹೇಳುತ್ತೇವೆ. ಮೇಲಾಗಿ ಸಾಮರ್ಥ್ಯ ಎನ್ನುವಾಗ ಅದು ಉಪಕರಣದ ಬದಲಾಗದ ಗುಣವೆಂಬ ಭಾವ ಬರುತ್ತದೆ. ಅದೇ ಕಾಯಿಲ್‌ಗೆ 115 ವೋಲ್ಟ್ ಮಾತ್ರ ಸಿಕ್ಕಿದರೆ ರೋಧ ಹೆಚ್ಚುಕಡಿಮೆ 46 ಓಮ್ ಆಗಿಯೇ ಉಳಿಯುತ್ತದೆ; ಪ್ರವಾಹ 2.5 ಆಂಪಿಯರ್‌ಗೆ ಇಳಿಯುತ್ತದೆ, ಸಿಗುವುದು 287.5 ವಾಟ್. ವೋಲ್ಟೇಜ್ ಅರ್ಧವಾದರೆ ವಾಟ್ ಕಾಲುಭಾಗ! ಇದನ್ನು ‘ಕಾಯಿಲ್‌ನ ಸಾಮರ್ಥ್ಯ ಕುಸಿಯಿತು’ ಎಂದು ಬರೆದರೆ ಕಾಯಿಲ್ ಕೆಟ್ಟಿತೆಂದೇ ಓದುಗರು ತಿಳಿಯುತ್ತಾರೆ. ಆದ್ದರಿಂದ ಉಪಕರಣದ ಮೇಲೆ ಅಚ್ಚಾದ ಅಂಕಿಗೆ ‘ನಮೂದಿತ ಸಾಮರ್ಥ್ಯ’, ಆ ಹೊತ್ತಿನಲ್ಲಿ ಎಳೆಯುತ್ತಿರುವುದಕ್ಕೆ ‘ಶಕ್ತಿದರ’ ಎಂದು ಬೇರೆ ಮಾಡಿದರೆ ಹೇಗೆ? ಶಕ್ತಿದರ ಕಿವಿಗೆ ಹೊಸದು, ಆದರೆ ಅರ್ಥವನ್ನು ಅಂಗೈಯಲ್ಲಿಟ್ಟು ತೋರಿಸುತ್ತದೆ.

ಕ್ರಿಯಾಪದಗಳ ಬಗೆಗೂ ಒಂದು ಮಾತು. ‘ತಂತಿಯಲ್ಲಿ 230 ವೋಲ್ಟ್ ಹರಿಯುತ್ತಿತ್ತು’ ಎಂದು ಅಚ್ಚಾಗುವುದನ್ನು ಕಂಡಾಗಲೆಲ್ಲ ತಿದ್ದಬೇಕೆನಿಸುತ್ತದೆ. ಹರಿಯುವುದು ಪ್ರವಾಹ. ವೋಲ್ಟೇಜ್ ಎರಡು ಬಿಂದುಗಳ ನಡುವೆ ಇರುತ್ತದೆ. ಅದಕ್ಕಾಗಿಯೇ ವಿಭವಾಂತರ, ಅಂದರೆ ಎರಡು ಬಿಂದುಗಳ ವಿಭವಗಳ (ಪೊಟೆನ್ಷಿಯಲ್) ಅಂತರ, ಎಂಬ ಹೆಸರು. ಅಳೆಯುವ ಕ್ರಮವೂ ಇದನ್ನೇ ಹೇಳುತ್ತದೆ: ವೋಲ್ಟ್‌ಮೀಟರನ್ನು ಎರಡು ತುದಿಗಳಿಗೆ ಅಡ್ಡಲಾಗಿ ಜೋಡಿಸುತ್ತೇವೆ, ಅಮ್ಮೀಟರನ್ನು ಪ್ರವಾಹದ ದಾರಿಯಲ್ಲೇ ಸೇರಿಸುತ್ತೇವೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಪರ್ಯಾಯ ಪ್ರವಾಹದಲ್ಲಿ (ಎಸಿ) ಓಡುವ ಮೋಟಾರಿಗೆ ವೋಲ್ಟ್ ಮತ್ತು ಆಂಪಿಯರ್‌ಗಳನ್ನು ಬರಿದೆ ಗುಣಿಸಿದರೆ ವಾಟ್ ಸಿಗದು. ಅವೆರಡರ ಏರಿಳಿತ ಒಂದೇ ಕ್ಷಣಕ್ಕೆ ಕೂಡಿಬರುವುದಿಲ್ಲ. ಆ ಗುಣಲಬ್ಧದ ಮಾನ ವೋಲ್ಟ್-ಆಂಪಿಯರ್. ಅದನ್ನು ‘ತೋರಿಕೆಯ ಶಕ್ತಿದರ’ ಎನ್ನಬಹುದೇ, ಅಥವಾ ಇದಕ್ಕಿಂತ ಹಗುರವಾದ ಪದ ಈಗಾಗಲೇ ಬಳಕೆಯಲ್ಲಿದೆಯೇ?