ಮಗುವಿಗೆ ಟ್ರೈ ಮಾಡುವಾಗ ಡೇಟ್ ಲೆಕ್ಕ ಇಡಲೇಬೇಕಾ? ಗಂಡ ವಾರಾಂತ್ಯಕ್ಕೆ ಮಾತ್ರ ಬರೋದು

ಹುಬ್ಬಳ್ಳಿ_ಸೊಸೆ:
ಎಲ್ಲರಿಗೂ ನಮಸ್ಕಾರ. ನನಗೆ 29, ಅವರಿಗೆ 32. ಇಷ್ಟು ದಿನ ಮಗು ಈಗಲೇ ಬೇಡ ಅಂತ ಕಾಂಡೋಮ್ ಬಳಸುತ್ತಿದ್ದೆವು. ಈಗ ಆಗಲಿ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ವಿಷಯ ಏನಂದ್ರೆ ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಅವರದು ಬೆಂಗಳೂರಿನಲ್ಲಿ. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಹತ್ತಿ ಶನಿವಾರ ಬೆಳಿಗ್ಗೆ ಮನೆಗೆ ಬರುತ್ತಾರೆ, ಭಾನುವಾರ ರಾತ್ರಿ ಮತ್ತೆ ರೈಲು.

ಗೆಳತಿಯೊಬ್ಬಳು ಮುಟ್ಟಿನ ಲೆಕ್ಕ ಇಡೋ ಆ್ಯಪ್ ಹಾಕಿಕೋ, ಅಂಡ ಬರೋ ದಿನ ತಿಳಿಸೋ ಮೂತ್ರದ ಕಿಟ್ ತಗೋ, ದಿನಾ ಬೆಳಿಗ್ಗೆ ಎದ್ದ ತಕ್ಷಣ ಥರ್ಮಾಮೀಟರ್ ಇಟ್ಟು ಬರೆದುಕೋ ಅಂತಾಳೆ. ನಮ್ಮಕ್ಕ ಮಾತ್ರ, ಅದನ್ನೆಲ್ಲ ಶುರು ಮಾಡಿದ್ರೆ ತಲೆ ಕೆಡುತ್ತೆ, ಸುಮ್ನೆ ಇರು, ಆಗೋ ಟೈಮಿಗೆ ಆಗುತ್ತೆ ಅಂತಾಳೆ. ಆ್ಯಪ್ ಅಂತೂ ಹಾಕಿದೆ. ಅದು ಮುಟ್ಟಾದ ದಿನದಿಂದ 14ನೇ ದಿನಕ್ಕೆ ಒಂದು ಹೂವಿನ ಚಿತ್ರ ತೋರಿಸಿ ಇವತ್ತೇ ಒಳ್ಳೆ ದಿನ ಅನ್ನುತ್ತೆ. ಆದ್ರೆ ನನಗೆ ಮುಟ್ಟು ಬರೋದು 32ರಿಂದ 34 ದಿನಕ್ಕೆ, ಹಾಗಿದ್ರೂ ಆ ಹೂವನ್ನ ನಂಬಬೇಕಾ? ಇನ್ನೊಂದು, ಅತ್ತೆ ಮಾವ ಜೊತೆಗೇ ಇದ್ದಾರೆ, ಬಾತ್‌ರೂಮಿನಲ್ಲಿ ಆ ಕಿಟ್ ಡಬ್ಬಿ ಇಡೋಕೂ ಮುಜುಗರ. ನಿಜವಾಗಲೂ ಬೇಕಾ ಇದೆಲ್ಲ? ಅನುಭವ ಇರುವವರು ಹೇಳಿ.

ಇಬ್ಬರಮ್ಮ:
ನಿಮ್ಮಕ್ಕನ ಕಡೆ ನನ್ನ ಓಟು. ಎರಡು ಮಕ್ಕಳಿಗೂ ನಾನು ಏನೂ ಬರೆದಿಟ್ಟಿಲ್ಲ, ಗೋಡೆ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಮುಟ್ಟಾದ ದಿನಕ್ಕೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡೋದು ಬಿಟ್ಟರೆ. ಡಾಕ್ಟರ್ ಕೂಡ ಅದನ್ನೇ ಹೇಳಿದ್ದು: ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಸಾಕು, ಯಾವ ದಿನ ಅಂತ ಹುಡುಕೋದು ಬೇಡ. ಚಿಕಿತ್ಸೆಗೆ ಮಾರ್ಗಸೂಚಿ ಮಾಡೋ ಬ್ರಿಟನ್ನಿನ ನೈಸ್ ಸಂಸ್ಥೆ ಕೊಡೋ ಸಲಹೆನೂ ಇದೇ. ಹೆಂಗಸಿಗೆ 40 ದಾಟಿಲ್ಲದಿದ್ದರೆ, ಹೀಗೆ ಇದ್ದರೆ ಒಂದು ವರ್ಷದೊಳಗೆ 100 ಜೋಡಿಗಳಲ್ಲಿ 80ಕ್ಕೂ ಜಾಸ್ತಿ ಜೋಡಿಗೆ ಆಗಿಬಿಡುತ್ತೆ. ನಿಮಗೆ ಇನ್ನೂ 29. ಯಾಕಿಷ್ಟು ಗಡಿಬಿಡಿ?

ಆ್ಯಪ್‌ಗಳ ಮೇಲೆ ನನಗೆ ಇನ್ನೊಂದು ಅನುಮಾನ ಇದೆ. 2021ರಲ್ಲಿ ಗ್ರಾಹಕರ ಹಿತ ಕಾಯೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ, ಫ್ಲೋ ಅನ್ನೋ ಮುಟ್ಟಿನ ಆ್ಯಪ್ ಮೇಲೆ ಕ್ರಮ ತಗೊಂಡಿತ್ತು, ಬಳಸುವವರ ಖಾಸಗಿ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಥರದವರಿಗೆ ಕೊಟ್ಟಿದೆ ಅಂತ. ಪೆನ್ಸಿಲ್ ಚುಕ್ಕೆ ಯಾರಿಗೂ ಏನೂ ಹೇಳಲ್ಲ.

ವಾರ್ಡ್_ಸಿಸ್ಟರ್:
ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಇಬ್ಬರಮ್ಮ ಹೇಳಿದ್ದು ಸರಿ, ಆದ್ರೆ ಅದು ಒಂದೇ ಮನೆಯಲ್ಲಿ ಇರುವವರಿಗೆ. ಎರಡು ಮೂರು ದಿನಕ್ಕೊಮ್ಮೆ ಅನ್ನೋ ಮಾತೇ ಇವರಿಗೆ ಆಗಲ್ಲ ಅಲ್ವಾ, ಗಂಡ ವಾರದಲ್ಲಿ ಐದು ದಿನ ಊರಲ್ಲೇ ಇರಲ್ಲ. ಹಾಗಾಗಿ ಹುಬ್ಬಳ್ಳಿಯವರೇ, ನೀವು ಸ್ವಲ್ಪ ಲೆಕ್ಕ ಇಡೋದು ಒಳ್ಳೇದು. ಸ್ವಲ್ಪ ಮಾತ್ರ.

ಮೊದಲು ಆ ಹೂವಿನ ವಿಷಯ. 14ನೇ ದಿನ ಅನ್ನೋದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ಅಂಡ ಹೊರಗೆ ಬಂದಮೇಲೆ ಮುಟ್ಟಾಗೋಕೆ ಹೆಚ್ಚು ಕಡಿಮೆ 14 ದಿನ ಬೇಕು, ಅದು ಜಾಸ್ತಿ ಬದಲಾಗಲ್ಲ. ಹಿಗ್ಗೋದು ಕುಗ್ಗೋದು ಮುಂಚಿನ ಭಾಗ. ಅಂದ್ರೆ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ನಿಮಗೆ 32ರಿಂದ 34 ಅಂದ್ರೆ ಅಂಡ ಬರೋದು ಸುಮಾರು 18ರಿಂದ 20ನೇ ದಿನಕ್ಕೆ. 14ನೇ ದಿನ ಮುಗಿಸಿ ಆಯ್ತು ಅಂತ ಕೂತರೆ ನಿಜವಾದ ದಿನ ಆಮೇಲೆ ಬಂದು ಹೋಗಿರುತ್ತೆ. ಆ್ಯಪ್‌ಗೆ ನಿಮ್ಮ ಹಳೆ ತಾರೀಖುಗಳನ್ನ ಕೊಡಿ, ಆಗ ಹೂವು ಮುಂದಕ್ಕೆ ಜರುಗುತ್ತೆ. ಆದ್ರೂ ಅದು ಅಂದಾಜು ಅಷ್ಟೇ.

ಈಗ ನಿಮ್ಮ ವಾರಾಂತ್ಯ. ಅಂಡ ಹೊರಬಂದ ಮೇಲೆ ಬದುಕೋದು 12ರಿಂದ 24 ಗಂಟೆ. ವೀರ್ಯಾಣು ಮಾತ್ರ ಒಳಗೆ 5 ದಿನದವರೆಗೂ ಕಾಯುತ್ತೆ. ಹಾಗಾಗಿ ಗರ್ಭ ನಿಲ್ಲೋ ಸಾಧ್ಯತೆ ಇರುವುದು ಅಂಡ ಬರೋ ದಿನ ಮತ್ತು ಅದರ ಹಿಂದಿನ 5 ದಿನ, ಒಟ್ಟು 6. ವಾರಕ್ಕೆ 7 ದಿನ. ಅಂದ್ರೆ ಶನಿವಾರ ಭಾನುವಾರದಲ್ಲಿ ಒಂದಾದ್ರೂ ಆ 6 ದಿನದೊಳಗೆ ಬಿದ್ದೇ ಬೀಳುತ್ತೆ, ಯಾವ ತಿಂಗಳೂ ಪೂರ್ತಿ ಕೈ ತಪ್ಪಲ್ಲ. ಆದ್ರೆ ಆ 6 ದಿನ ಎಲ್ಲಾ ಒಂದೇ ಅಲ್ಲ. ಅಂಡ ಬರೋಕೆ ಮುಂಚಿನ ಎರಡು ದಿನ ಎಲ್ಲಕ್ಕಿಂತ ಒಳ್ಳೇದು, ಮೊದಲಿನ ದಿನಗಳಲ್ಲಿ ಸಾಧ್ಯತೆ ತೀರಾ ಕಡಿಮೆ. ಅಂಡ ಭಾನುವಾರ, ಸೋಮವಾರ, ಮಂಗಳವಾರ ಬರುವ ತಿಂಗಳು ನಿಮಗೆ ಏನೂ ಚಿಂತೆ ಇಲ್ಲ. ಗುರುವಾರ, ಶುಕ್ರವಾರ ಬಂದರೆ ಕಷ್ಟ. ಹಿಂದಿನ ಭಾನುವಾರ ತುಂಬಾ ಮುಂಚೆ ಆಯ್ತು, ಶನಿವಾರ ಅವರು ರೈಲು ಇಳಿಯೋ ಹೊತ್ತಿಗೆ ಕೆಲಸ ಮುಗಿದಿರುತ್ತೆ. ಅಂಥ ತಿಂಗಳು ಮಾತ್ರ ಅವರು ವಾರದ ಮಧ್ಯೆ ರಜಾ ಹಾಕಲಿ, ಇಲ್ಲ ವರ್ಕ್ ಫ್ರಮ್ ಹೋಮ್ ಕೇಳಲಿ, ಇಲ್ಲ ನೀವೇ ಬೆಂಗಳೂರಿಗೆ ಹೋಗಿ. ಲೆಕ್ಕ ಇಡೋದು ಇಷ್ಟಕ್ಕೇ.

ಥರ್ಮಾಮೀಟರ್ ಬಿಟ್ಟುಬಿಡಿ. ಅಂಡ ಹೊರಬಂದ ಮೇಲೆ ಮೈ ಬಿಸಿ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತೆ ನಿಜ. ಆದ್ರೆ ಅದು ಮುಗಿದ ಮೇಲೆ ಬರೋ ಸುದ್ದಿ, ನಿಮಗೆ ಬೇಕಾಗಿರೋದು ಮುಂಚಿನ ಸುದ್ದಿ. ಅದಕ್ಕೆ ಬಿಳಿ ಸ್ರಾವ ನೋಡಿಕೊಳ್ಳಿ, ದುಡ್ಡಿಲ್ಲ ಕಾಸಿಲ್ಲ. ಎರಡು ಬೆರಳ ಮಧ್ಯೆ ಇಟ್ಟು ಎಳೆದರೆ ಹಸಿ ಮೊಟ್ಟೆಯ ಬಿಳಿಯಂತೆ ತೆಳ್ಳಗೆ, ತುಂಡಾಗದೆ ಬಂದರೆ ಒಳ್ಳೆ ದಿನ ಶುರುವಾಗಿದೆ ಅಂತ. ಅಂಟಂಟಾಗಿ ಗಟ್ಟಿಯಾಗಿದ್ದರೆ ಇನ್ನೂ ಇಲ್ಲ, ಇಲ್ಲವೇ ಮುಗಿದಿದೆ. ವಾಸನೆ, ನವೆ ಇದ್ದರೆ ಅದು ಬೇರೆ, ಡಾಕ್ಟರಿಗೆ ತೋರಿಸಿ.

ಕಿಟ್ ಬೇಕಾದ್ರೆ ಒಂದೆರಡು ತಿಂಗಳು ಬಳಸಿ ನಿಮ್ಮ ಮೈಯ ರೂಢಿ ತಿಳಿದುಕೊಳ್ಳಿ. ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನ್ ಏರಿದ್ದನ್ನ ಅದು ತೋರಿಸುತ್ತೆ, ಆಮೇಲೆ ಒಂದು ಒಂದೂವರೆ ದಿನದಲ್ಲಿ ಅಂಡ ಬರುತ್ತೆ. ನಿಮ್ಮ ಲೆಕ್ಕಕ್ಕೆ 15ನೇ ದಿನದಿಂದ ಶುರು ಮಾಡಿ, ಮಧ್ಯಾಹ್ನದ ಮೇಲೆ ನೋಡಿ, ಅದಕ್ಕೆ ಮುಂಚೆ ಎರಡು ಗಂಟೆ ಜಾಸ್ತಿ ನೀರು ಕುಡಿಯಬೇಡಿ. ಪ್ರೆಗ್ನೆನ್ಸಿ ಟೆಸ್ಟಿನಲ್ಲಿ ಮಸುಕು ಗೆರೆ ಬಂದರೂ ಪಾಸಿಟಿವ್. ಇದರಲ್ಲಿ ಹಾಗಲ್ಲ, ಎರಡನೇ ಗೆರೆ ಮೊದಲನೆಯದರಷ್ಟೇ ಅಥವಾ ಅದಕ್ಕಿಂತ ಗಾಢ ಇರಬೇಕು. ಮೆಡಿಕಲ್ ಶಾಪಿನಲ್ಲಿ ಓವ್ಯುಲೇಷನ್ ಕಿಟ್ ಅಂತ ಬಿಡಿಸಿ ಕೇಳಿ, ಸುಮ್ನೆ ಕಿಟ್ ಅಂದ್ರೆ ಪ್ರೆಗ್ನೆನ್ಸಿ ಟೆಸ್ಟ್ ಸುತ್ತಿ ಕೊಡ್ತಾರೆ.

ಮಂಡ್ಯ_ಮೇಘ:
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಪಿಸಿಓಎಸ್, ಅಂದ್ರೆ ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬರದಿರೋ ತೊಂದರೆ, ಇದ್ದರೆ ಕಿಟ್ ನಂಬಬೇಡಿ. ನನಗೆ ಇದೆ. ಎಲ್‌ಎಚ್ ಯಾವಾಗಲೂ ಮೇಲೇ ಇರೋದ್ರಿಂದ ದಿನಾ ಗೆರೆ ಗಾಢವಾಗಿ ಬರೋದು, ಅಂಡ ಮಾತ್ರ ಬರ್ತಿರಲಿಲ್ಲ. ಕೊನೆಗೆ ಸ್ಕ್ಯಾನ್ ಮಾಡಿ ಮಾತ್ರೆ ಕೊಟ್ಟ ಮೇಲೇ ದಾರಿ ಕಂಡದ್ದು. ಮುಟ್ಟು 35 ದಿನ ದಾಟಿ ದಾಟಿ ಬರ್ತಿದ್ದರೆ, ಎರಡು ಮೂರು ತಿಂಗಳು ನಿಂತು ಹೋಗ್ತಿದ್ದರೆ, ಲೆಕ್ಕ ಪಕ್ಕಕ್ಕಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ. ವರ್ಷ ಕಾಯಬೇಡಿ.

ಮುಜುಗರಕ್ಕೆ ಒಂದು ಉಪಾಯ: ಕಿಟ್‌ನ ಪಟ್ಟಿಗಳನ್ನ ಸ್ಯಾನಿಟರಿ ಪ್ಯಾಡ್ ಪೊಟ್ಟಣದೊಳಗೆ ಇಡಿ. ನಮ್ಮತ್ತೆ ಇವತ್ತಿಗೂ ಅದನ್ನ ಮುಟ್ಟಿಲ್ಲ.

ಹಳೇಬೇರು:
ನೀವೆಲ್ಲ ಈಗ ಕಿಟ್ ಗಿಟ್ ಅಂತೀರ, ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ತಾಯಿ. ಮುಟ್ಟಾದ ದಿನದಿಂದ 16 ರಾತ್ರಿ ಋತುಕಾಲ, ಮೊದಲ ನಾಲ್ಕು ಬಿಡಬೇಕು. ಸಮ ರಾತ್ರಿ ಸೇರಿದರೆ ಗಂಡು, ಬೆಸ ರಾತ್ರಿ ಆದರೆ ಹೆಣ್ಣು. ಮದುವೆಯಾದ ಮೊದಲ ಆಷಾಢಕ್ಕೆ ಹೆಣ್ಣನ್ನ ತವರಿಗೆ ಕಳಿಸೋದೂ ಸುಮ್ನೆ ಅಲ್ಲ. ಆಷಾಢದಲ್ಲಿ ಬಸಿರಾದರೆ ಹೆರಿಗೆ ಚೈತ್ರ ವೈಶಾಖದ ಬಿಸಿಲಿಗೆ ಬರುತ್ತೆ, ಬಾಣಂತಿಗೂ ಕೂಸಿಗೂ ಕಷ್ಟ ಅಂತ.

ವಾರ್ಡ್_ಸಿಸ್ಟರ್:
ಹಿರಿಯರೇ, ಬಿಸಿಲಿನ ಲೆಕ್ಕ ಒಪ್ಪಿದೆ, ಏಪ್ರಿಲ್‌ನಲ್ಲಿ ನಮ್ಮ ವಾರ್ಡಿಗೆ ಬಂದು ನೋಡಿದರೆ ಯಾರಾದರೂ ಒಪ್ಪುತ್ತಾರೆ. ಆದ್ರೆ 16 ರಾತ್ರಿ ಲೆಕ್ಕ ಇವರಿಗೆ ಕೂರಲ್ಲ. ಇವರ ಒಳ್ಳೆ ದಿನಗಳು 13ರಿಂದ 20, ನಿಮ್ಮ ಋತುಕಾಲ ಮುಗಿಯೋ ಹೊತ್ತಿಗೆ ಇವರದು ಅರ್ಧ ಆಗಿರುತ್ತೆ. ಸಮ ಬೆಸಕ್ಕೂ ಮಗುವಿಗೂ ಸಂಬಂಧ ಇಲ್ಲ. ಅಪ್ಪನ ವೀರ್ಯಾಣುವಿನಿಂದ ಎಕ್ಸ್ ಕ್ರೋಮೋಸೋಮ್ ಹೋಗುತ್ತಾ ವೈ ಹೋಗುತ್ತಾ ಅನ್ನೋದರ ಮೇಲೆ ಮಗು ಗಂಡೋ ಹೆಣ್ಣೋ, ಯಾವ ರಾತ್ರಿ ಅನ್ನೋದರ ಮೇಲಲ್ಲ. ಗಂಡು ಆಗಲಿ ಅಂತ ಬೆಸ ರಾತ್ರಿಗಳನ್ನ ಬಿಟ್ಟರೆ ಅರ್ಧ ಅವಕಾಶ ಹೋಯ್ತು, ಅಷ್ಟೇ.

ನೈಟ್‌ಶಿಫ್ಟ್_ಗೌಡ:
ಗಂಡಸರ ಕಡೆಯಿಂದ ಯಾರೂ ಬಾಯಿ ಬಿಡಲ್ಲ ಅಂತ ನಾನೇ ಬರೆಯುತ್ತೇನೆ. ಹೆಂಡತಿ ಆ ಪಟ್ಟಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕಿ "ಇವತ್ತೇ" ಅಂತ ಒಂದೇ ಪದ ಬರೆದರೆ, ಪರೀಕ್ಷೆಗೆ ಹಾಲ್ ಟಿಕೆಟ್ ಬಂದ ಹಾಗೆ ಎದೆ ಧಸಕ್ ಅನ್ನುತ್ತೆ. ನೈಟ್ ಶಿಫ್ಟ್ ಮುಗಿಸಿ ಕಣ್ಣು ಕೆಂಪಗಾಗಿ ಮನೆಗೆ ಬಂದವನಿಗೆ ಇವತ್ತು ಆಗಲೇಬೇಕು ಅಂದ್ರೆ ಆಗೋದೇ ಇಲ್ಲ, ಆಮೇಲೆ ಅದೊಂದು ಬೇರೆ ಜಗಳ, ಒಂದು ವಾರ ಮಾತಿಲ್ಲ. ದಯವಿಟ್ಟು ಗಂಡನಿಗೆ ದಿನ ಹೇಳಬೇಡಿ. ನೀವು ತಿಳಿದುಕೊಂಡಿರಿ, ಸಾಕು. ಇವರ ಮನೆಯಲ್ಲಿ ರಜಾ ಹಾಕಿಸಬೇಕಲ್ಲ ಅಂತೀರಾ? ಹಾಗಿದ್ರೆ ಇಡೀ ವಾರ ಬನ್ನಿ ಅನ್ನಿ, ಒಂದು ದಿನ ಅನ್ನಬೇಡಿ.

ಇನ್ನೊಂದು ಮಾತು. ಎಲ್ಲಾ ಟೆಸ್ಟೂ ಹೆಂಗಸಿಗೇ ಮಾಡಿಸೋದು ನಮ್ಮಲ್ಲಿ ರೂಢಿ. ತಿಂಗಳುಗಟ್ಟಲೆ ಆಗದಿದ್ದರೆ ಮೊದಲು ವೀರ್ಯ ಪರೀಕ್ಷೆ ಮಾಡಿಸಿ, ಅದಕ್ಕೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ಬಿಟ್ಟು ಕೊಡಬೇಕು, ಅಷ್ಟೇ ನಿಯಮ. ಗುಟ್ಕಾ, ಸಿಗರೇಟು ಇದ್ದರೆ ಇವತ್ತೇ ಬಿಡಲಿ, ಯಾಕಂದ್ರೆ ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು, ಇವತ್ತು ಬಿಟ್ಟಿದ್ದರ ಫಲ ಆಮೇಲೆ ಸಿಗೋದು. ಜಿಮ್‌ನಲ್ಲಿ ಮೈ ಕಟ್ಟೋಕೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಹಾಕಿಸಿಕೊಳ್ಳೋ ಹುಡುಗರಿಗಂತೂ ಹೇಳೋರೇ ಇಲ್ಲ, ಅದು ವೀರ್ಯಾಣು ಆಗೋದನ್ನೇ ನಿಲ್ಲಿಸಿಬಿಡುತ್ತೆ.

ಇಬ್ಬರಮ್ಮ:
ಗೌಡ್ರೇ, ಅದಕ್ಕೇ ನಾನು ಹೇಳಿದ್ದು, ಲೆಕ್ಕ ಶುರುವಾದ್ರೆ ಮನೆಯೊಳಗೆ ಹಾಜರಿ ಪುಸ್ತಕ ಬಂತು ಅಂತಲೇ. ಕಿಟ್ ಬಳಸಿದ್ರೆ ನಿಜವಾಗಲೂ ಬೇಗ ಆಗುತ್ತೆ ಅನ್ನೋಕೆ ಏನಾದ್ರೂ ಇದೆಯಾ ಸಿಸ್ಟರ್?

ವಾರ್ಡ್_ಸಿಸ್ಟರ್:
ಇದೆ, ಆದ್ರೆ ದೊಡ್ಡದೇನಲ್ಲ. 2023ರಲ್ಲಿ ಕೊಕ್ರೇನ್ ಅನ್ನೋ ವೈದ್ಯಕೀಯ ಸಂಶೋಧನೆ ಪರಿಶೀಲಿಸೋ ಸಂಸ್ಥೆಯವರು ಆವರೆಗಿನ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ್ದರು. 40 ದಾಟದ, ಪ್ರಯತ್ನ ಶುರು ಮಾಡಿ ಇನ್ನೂ ವರ್ಷ ಆಗಿರದ ಹೆಂಗಸರು ಮೂತ್ರದ ಕಿಟ್ ನೋಡಿ ಸೇರಿದರೆ, 100ಕ್ಕೆ 18 ಜನಕ್ಕೆ ಆಗೋ ಜಾಗದಲ್ಲಿ 20ರಿಂದ 28 ಜನಕ್ಕೆ ಆಗಬಹುದು ಅಂತ. ಅದೇ ಬೇರೆ ವಿಧಾನಗಳ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳಿಲ್ಲ. ಹಾಗಾಗಿ ಮನಸ್ಸಿಗೆ ಹಿಂಸೆ ಅನಿಸದಿದ್ದರೆ ಬಳಸಿ, ಹಿಂಸೆ ಅನಿಸಿದ ದಿನ ಬಿಸಾಕಿ. ಹುಬ್ಬಳ್ಳಿಯವರಿಗೆ ಹೇಗೂ 35 ಆಗಿಲ್ಲ, ಒಂದು ವರ್ಷ ನೋಡಬಹುದು. 35 ದಾಟಿದವರು ಆರು ತಿಂಗಳಿಗೇ ಡಾಕ್ಟರ್ ಹತ್ತಿರ ಹೋಗಬೇಕು.

ಎಲ್ಲರೂ ದಿನ ದಿನ ಅಂತ ಕೂತಿದ್ದೀರಿ, ಫೋಲಿಕ್ ಆ್ಯಸಿಡ್ ಯಾರೂ ಕೇಳಲಿಲ್ಲ. ಮಗುವಿನ ಮೆದುಳು, ಬೆನ್ನುಹುರಿ ಆಗೋ ನಾಳ ಮುಚ್ಚಿಕೊಳ್ಳೋದು ಗರ್ಭ ನಿಂತ ಮೊದಲ ನಾಲ್ಕು ವಾರದೊಳಗೆ. ಎಷ್ಟೋ ಜನಕ್ಕೆ ಮುಟ್ಟು ತಪ್ಪಿದ್ದೇ ಆಗಿನ್ನೂ ತಲೆಗೆ ಹೋಗಿರಲ್ಲ. ಅದಕ್ಕೇ ಪ್ರಯತ್ನ ಶುರು ಮಾಡೋಕೆ ಒಂದು ತಿಂಗಳು ಮುಂಚಿನಿಂದಲೇ ಮಾತ್ರೆ ತಗೋಬೇಕು. ಹಾಗೇ ಒಂದು ಸಲ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ನೋಡಿಸಿ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಕೊಂಡು ಒಂದು ತಿಂಗಳು ಬಿಟ್ಟು ಟ್ರೈ ಮಾಡಿ.

ಹುಬ್ಬಳ್ಳಿ_ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ವಾರಾಂತ್ಯದ ಲೆಕ್ಕ ಅವರಿಗೂ ಓದಿ ಹೇಳಿದೆ, ಅವರು ಆಫೀಸಿನಲ್ಲಿ ತಿಂಗಳಿಗೆ ಒಂದು ವಾರ ವರ್ಕ್ ಫ್ರಮ್ ಹೋಮ್ ಕೇಳಿ ನೋಡ್ತಾರಂತೆ. ಗೌಡ್ರ ಮಾತಿಗೆ ಜೋರಾಗಿ ನಕ್ಕರು, ಅದಾದ ಮೇಲೆ ಮೆಲ್ಲಗೆ "ಫೋಟೋ ಮಾತ್ರ ಕಳಿಸಬೇಡ" ಅಂದರು. ಥರ್ಮಾಮೀಟರ್ ಇಲ್ಲ, ಕಿಟ್ ಎರಡು ತಿಂಗಳು ನೋಡ್ತೀನಿ. ಫೋಲಿಕ್ ಆ್ಯಸಿಡ್ ತಂದೆ, ಆದ್ರೆ ಅಂಗಡಿಯವರು 5 ಮಿಲಿಗ್ರಾಂ ಕೊಟ್ಟಿದ್ದಾರೆ. ಅದು ಸರಿನಾ?

ವಾರ್ಡ್_ಸಿಸ್ಟರ್:
ಸಾಮಾನ್ಯವಾಗಿ ಬೇಕಾಗೋದು ದಿನಕ್ಕೆ 400 ಮೈಕ್ರೋಗ್ರಾಂ, ಅಂದ್ರೆ 0.4 ಮಿಲಿಗ್ರಾಂ. 5 ಮಿಲಿಗ್ರಾಂ ಕೊಡೋದು ಶುಗರ್ ಇದ್ದವರಿಗೆ, ಫಿಟ್ಸ್ ಮಾತ್ರೆ ತಗೊಳ್ಳೋವ್ರಿಗೆ, ಮುಂಚೆ ಬೆನ್ನುಹುರಿಯ ತೊಂದರೆ ಇದ್ದ ಮಗು ಆಗಿದ್ದವರಿಗೆ. ನಮ್ಮ ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೈಗೆ ಬರೋದು ಮಾತ್ರ 5ರದ್ದೇ. ರಕ್ತ ಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಆ ಸ್ಟ್ರಿಪ್ ತೋರಿಸಿ, 400ರದ್ದು ಬರೆಸಿಕೊಂಡು ಬದಲಾಯಿಸಿ. ಬಿಲ್ ಎಸೆಯಬೇಡಿ.