ಪ್ರವಾಸದ ಫೋಟೊಗಳಲ್ಲಿ ಸಣ್ಣ ವಿವರಗಳನ್ನು ಹಿಡಿಯುವುದು ಹೇಗೆ? ನಿಮ್ಮ ಅನುಭವ ತಿಳಿಸಿ

ಪ್ರಶ್ನೆ:
ನಾಲ್ಕು ದಿನಗಳ ಪ್ರವಾಸ ಮುಗಿಸಿ ಸುಮಾರು 900 ಫೋಟೊಗಳೊಂದಿಗೆ ಹಿಂದಿರುಗಿದ್ದೇನೆ. ನಾನು ಅಲ್ಲಿಗೆ ಹೋಗಿದ್ದೆ ಎಂಬುದಕ್ಕೆ ಅವೆಲ್ಲ ಸಾಕ್ಷಿಯಾಗಿವೆಯೇ ಹೊರತು, ಅಲ್ಲಿ ನಾನು ಏನನ್ನು ಕಂಡೆ ಎಂಬುದು ಒಂದರಲ್ಲೂ ಇಲ್ಲ. ಜೊತೆಗೆ ಬಂದಿದ್ದ ಸ್ನೇಹಿತರು ಮೊಬೈಲಿನಲ್ಲಿ ತೆಗೆದ, ನಡುವೆ ಸವೆದು ತಗ್ಗಾದ ಒಂದು ಕಲ್ಲಿನ ಮೆಟ್ಟಿಲಿನ ಚಿತ್ರ ನನ್ನ ಎಲ್ಲ ಫೋಟೊಗಳಿಗಿಂತ ಚೆನ್ನಾಗಿದೆ. ಅದೇ ಮೆಟ್ಟಿಲನ್ನು ನಾನೂ ಹತ್ತಿದ್ದೆ, ಆದರೆ ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ. ಇಂತಹ ನೋಟವನ್ನು ರೂಢಿಸಿಕೊಳ್ಳಲು ಸಾಧ್ಯವೇ, ಅಥವಾ ಬೇರೆ ಲೆನ್ಸ್ ಕೊಳ್ಳಬೇಕೇ?

ಉತ್ತರ 1:
ಲೆನ್ಸ್ ಕೊಳ್ಳಬೇಡಿ, ಮುಂದಿನ ಪ್ರವಾಸಕ್ಕಾಗಿ ಕಾಯಲೂ ಬೇಡಿ. ಹೊಸ ಊರಿನಲ್ಲಿ ಎಲ್ಲವೂ ಹೊಸದಾಗಿರುವುದರಿಂದ ಕಣ್ಣು ದೊಡ್ಡದರ ಕಡೆಗೇ ಓಡುತ್ತದೆ. ಸಣ್ಣದನ್ನು ಕಾಣುವ ಅಭ್ಯಾಸ ಆಗಬೇಕಾದದ್ದು ನೋಡಿ ನೋಡಿ ಬೇಸರ ಬಂದ ಜಾಗದಲ್ಲಿ. ಒಮ್ಮೆ ನಾನು ಒಂದು ತಿಂಗಳ ಕಾಲ ಮನೆಯಿಂದ ನೂರು ಹೆಜ್ಜೆಯೊಳಗೆ ದಿನಕ್ಕೆ ಒಂದೇ ಫೋಟೊ ತೆಗೆಯುವ ನಿಯಮ ಹಾಕಿಕೊಂಡೆ. ಎಂಟನೆಯ ದಿನದ ಹೊತ್ತಿಗೆ ತೆಗೆಯಲು ಏನೂ ಉಳಿದಿಲ್ಲ ಎನಿಸಿ ಬಿಟ್ಟುಬಿಡುವ ಯೋಚನೆಯೂ ಬಂದಿತ್ತು. ಕಾಣಲು ಶುರುವಾದದ್ದೇ ಅದರ ನಂತರ: ಬಾಗಿಲಿನ ಚಿಲಕ ವರ್ಷಗಳಿಂದ ತೂಗಾಡಿ ಮರದ ಮೇಲೆ ಗೀಚಿದ್ದ ಅರ್ಧಚಂದ್ರದ ಗುರುತು, ಸ್ವಿಚ್ಚಿನ ಸುತ್ತ ಬೆರಳು ತಾಗಿ ಕಪ್ಪಾದ ಸುಣ್ಣ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಮುರಿದುಕೊಳ್ಳುತ್ತಾ ಇಳಿಯುವ ತಂತಿಯ ನೆರಳು. ಆಮೇಲೆ ಗಮನಿಸಿದೆ, ಇವುಗಳಲ್ಲಿ ಹೆಚ್ಚಿನವು ಕೈಕಾಲು ತಾಗಿ ಸವೆದ ಜಾಗಗಳು. ಈಗ ಎಲ್ಲಿಗೆ ಹೋದರೂ ಬಾಗಿಲಿಗಿಂತ ಮೊದಲು ಅದರ ಹಿಡಿಯನ್ನು ನೋಡುತ್ತೇನೆ.

ಜೆಕ್ ಛಾಯಾಗ್ರಾಹಕ ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವರು. 1940ರಿಂದ 1954ರವರೆಗೆ ಅವರು ಪ್ರಾಗ್ ನಗರದ ತಮ್ಮ ಸ್ಟುಡಿಯೋದ ಕಿಟಕಿಯನ್ನೇ ಮತ್ತೆ ಮತ್ತೆ ಚಿತ್ರಿಸಿದರು. ಗಾಜಿನ ಮೇಲಿನ ಹನಿ, ಮಂಜು, ಹೊರಗಿನ ಸೊಟ್ಟ ಮರ, ಇಷ್ಟೇ ಅವರ ಸಾಮಗ್ರಿ. ಒಂದು ಕಿಟಕಿಯಲ್ಲಿ ಹದಿನಾಲ್ಕು ವರ್ಷಗಳಿಗಾಗುವಷ್ಟು ಚಿತ್ರಗಳಿದ್ದವು ಎಂಬುದನ್ನು ನೆನೆದರೆ, ನಾಲ್ಕು ದಿನಗಳಲ್ಲಿ ಹತ್ತಾರು ಸ್ಥಳಗಳನ್ನು ಸುತ್ತುವ ನಮ್ಮ ಆತುರದ ಬಗ್ಗೆ ಸ್ವಲ್ಪ ಸಂಕೋಚವಾಗುತ್ತದೆ.

ಉತ್ತರ 2:
ದಿನಕ್ಕೊಂದು ಫೋಟೊ ಎಂಬ ನಿಯಮ ನನಗೆ ಒಗ್ಗಲಿಲ್ಲ. ಮೂರನೆಯ ವಾರದಲ್ಲಿ ಅದು ಹಾಜರಿ ಹಾಕುವ ಕೆಲಸದಂತಾಯಿತು. ನನಗೆ ಉಪಯೋಗಕ್ಕೆ ಬಂದದ್ದು, ಹೊಸ ಜಾಗಕ್ಕೆ ಹೋದ ಮೊದಲ ಹತ್ತು ನಿಮಿಷ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯದಿರುವುದು. ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಸ್ತುಸಂಗ್ರಹಾಲಯದಲ್ಲಿ ಕಲಾಕೃತಿಗಳ ಪೂರ್ಣ ಫೋಟೊ ತೆಗೆದವರಿಗೆ, ಸುಮ್ಮನೆ ನಿಂತು ನೋಡಿದಾಗ ಉಳಿಯುವಷ್ಟು ವಿವರಗಳು ನೆನಪಿನಲ್ಲಿ ಉಳಿಯಲಿಲ್ಲ. ಆದರೆ ಅದೇ ಜನ ಕೃತಿಯ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ನೆನಪು ಕುಗ್ಗಲಿಲ್ಲ, ಚೌಕಟ್ಟಿನ ಹೊರಗೆ ಉಳಿದ ಭಾಗದ ನೆನಪು ಕೂಡ. ಯಾವ ಭಾಗ ಬೇಕೆಂದು ಆರಿಸುವುದಕ್ಕಾದರೂ ಇಡಿಯನ್ನು ಸರಿಯಾಗಿ ನೋಡಲೇಬೇಕಾಗುತ್ತದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಉತ್ತರ 3:
ಕಣ್ಣಿನ ಮಾತು ಸರಿ, ಆದರೆ ಕಂಡದ್ದು ಫೋಟೊದಲ್ಲಿ ಬಾರದಿರಲು ಬೆಳಕೂ ಕಾರಣವಾಗಿರಬಹುದು. ಸವೆದ ಕಲ್ಲು, ಬಿರುಕುಬಿಟ್ಟ ಬಣ್ಣ, ಮರದ ಗೆರೆ ಮುಂತಾದವು ಎದ್ದು ಕಾಣಬೇಕಾದರೆ ಬೆಳಕು ಮೇಲ್ಮೈಯನ್ನು ಓರೆಯಾಗಿ ಸವರಿಕೊಂಡು ಹೋಗಬೇಕು, ಏಕೆಂದರೆ ಪ್ರತಿ ಉಬ್ಬಿಗೂ ಒಂದು ನೆರಳು ಬೀಳುವುದು ಆಗಲೇ. ನಿಮ್ಮ ಬೆನ್ನ ಹಿಂದಿನಿಂದ ನೇರವಾಗಿ ಬರುವ ಬೆಳಕು ಆ ನೆರಳುಗಳನ್ನು ನಿಮ್ಮಿಂದ ಮರೆಮಾಡಿಬಿಡುತ್ತದೆ. ಮೊಬೈಲಿನ ಫ್ಲಾಶ್ ಮಾಡುವುದೂ ಇದನ್ನೇ. ನಿಮ್ಮ ಸ್ನೇಹಿತರ ಮೆಟ್ಟಿಲಿನ ಫೋಟೊದಲ್ಲಿ ನೆರಳು ಯಾವ ಕಡೆಗೆ ಬಿದ್ದಿದೆ ಎಂದು ಒಮ್ಮೆ ನೋಡಿ. ಇನ್ನು ಬಿಳಿ ಗೋಡೆ ಬೂದಿ ಬಣ್ಣಕ್ಕೆ ತಿರುಗಿ ಬಂದರೆ ಗಾಬರಿಯಾಗಬೇಡಿ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನು ಮಧ್ಯಮ ಬೂದಿಯೆಂದೇ ಎಣಿಸಿ ಬೆಳಕನ್ನು ಅಳೆಯುತ್ತದೆ. ಎಕ್ಸ್‌ಪೋಶರ್ ಅನ್ನು ಒಂದು ಸ್ಟಾಪಿನಷ್ಟು, ಅಂದರೆ ದಾಖಲಾಗುವ ಬೆಳಕು ಎರಡರಷ್ಟಾಗುವಂತೆ, ಹೆಚ್ಚಿಸಿದರೆ ಸಾಕಾಗುತ್ತದೆ.

ಮೊಬೈಲಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ 24ರಿಂದ 28 ಮಿ.ಮೀ. ಲೆನ್ಸಿಗೆ ಸಮನಾದ ಅಗಲ ನೋಟದ್ದು. ಬೇಡದ್ದೆಲ್ಲ ಚೌಕಟ್ಟಿನೊಳಗೆ ನುಗ್ಗುವುದು ಅದರಿಂದಲೇ. ಎರಡು ಹೆಜ್ಜೆ ಮುಂದೆ ಹೋಗಿ. ಹಾಗೆಯೇ, ಇದನ್ನು ಹೇಳಲು ನಾಚಿಕೆಯಾಗುತ್ತದೆ, ಲೆನ್ಸನ್ನು ಒರೆಸಿಕೊಳ್ಳಿ. ಒಂದು ಇಡೀ ದಿನದ ನನ್ನ ಫೋಟೊಗಳಲ್ಲಿ ಕಾಣುವ ಮಂಜು ನನ್ನ ಹೆಬ್ಬೆರಳಿನದು.

ಉತ್ತರ 4:
ಆ 900 ಫೋಟೊಗಳನ್ನು ಅಳಿಸುವ ಮೊದಲು ಒಂದು ಕೆಲಸ ಮಾಡಿ. ಛಾಯಾಗ್ರಹಣದ ಆರಂಭಕಾಲದ ಸಂಶೋಧಕರಲ್ಲಿ ಒಬ್ಬರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ಫೋಟೊ ತೆಗೆದವನಿಗೆ ಆಗ ಅರಿವೇ ಇರದಿದ್ದ ಎಷ್ಟೋ ಸಂಗತಿಗಳು ಅದರಲ್ಲಿ ದಾಖಲಾಗಿರುವುದು ಬಹುಕಾಲದ ನಂತರ ಪರೀಕ್ಷಿಸಿ ನೋಡುವಾಗ ಗೊತ್ತಾಗುತ್ತದೆ ಎಂದು 1840ರ ದಶಕದಲ್ಲಿಯೇ ಬರೆದಿದ್ದರು. ಆದ್ದರಿಂದ ಪ್ರತಿ ಫೋಟೊದ ನಾಲ್ಕು ಮೂಲೆಗಳನ್ನೂ ದೊಡ್ಡದು ಮಾಡಿ ನೋಡಿ, ಅಲ್ಲಿ ಕಂಡದ್ದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಫಿಲ್ಮಿನ ಒಂದು ರೋಲಿನಂತೆ ದಿನಕ್ಕೆ 36 ಫೋಟೊಗಳಿಗೆ ಮಿತಿ ಹಾಕಿಕೊಳ್ಳಿ. ಮೂವತ್ತು ಮುಗಿದ ಮೇಲೆ ಉಳಿದ ಆರಕ್ಕಾಗಿ ನೀವೇ ತಡೆದು ನಿಂತು ನೋಡತೊಡಗುತ್ತೀರಿ. ವಿವರಗಳ ನಡುವೆ ಜನರಿದ್ದರೆ ಅವರನ್ನು ಕೇಳಿಯೇ ತೆಗೆಯಿರಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಸ್ನೇಹಿತರ ಫೋಟೊದಲ್ಲಿ ನೆರಳು ಎಡದಿಂದ ಬಲಕ್ಕೆ ಉದ್ದವಾಗಿ ಬಿದ್ದಿದೆ. ಅವರು ಅದನ್ನು ಸಂಜೆ ಐದೂವರೆಗೆ ತೆಗೆದದ್ದು, ನಾನು ಆ ಮೆಟ್ಟಿಲು ಹತ್ತಿದ್ದು ನಡುಮಧ್ಯಾಹ್ನ. ನಾಲ್ಕನೆಯವರು ಹೇಳಿದಂತೆ ಎರಡು ರಾತ್ರಿ ಕುಳಿತು ಮೂಲೆಗಳನ್ನೆಲ್ಲ ಹುಡುಕಿದೆ. ಆ ಮೆಟ್ಟಿಲು ನನ್ನ ಮೂರು ಫೋಟೊಗಳಲ್ಲಿ ಇದೆ. ಒಂದರಲ್ಲಿ ಕೆಳಗಿನ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದೆ. ಉಳಿದ ಎರಡರಲ್ಲಿ ಅದರ ಸವೆದ ತಗ್ಗಿನ ಮೇಲೆ ನನ್ನ ಕ್ಯಾಮೆರಾದ ಚೀಲವಿದೆ.