‘ತ್ರೀ ಬಾಕ್ಸ್’ ಅಂತಲೇ ಬರುತ್ತೆ, ‘ಎಸ್’ ಬಿಟ್ಟುಹೋಗುತ್ತೆ. ಏನ್ ಮಾಡ್ಲಿ?

ಹಾಸನದ ಹುಡುಗ:
ಆಫೀಸಲ್ಲಿ ದಿನಾ ಇಂಗ್ಲಿಷಲ್ಲಿ ಮೇಲ್ ಬರೀಬೇಕು. ನಿನ್ನೆ ‘ಒನ್ ಆಫ್ ಅವರ್ ಕಸ್ಟಮರ್ ಹ್ಯಾಸ್ ರಿಟರ್ನ್ಡ್ ತ್ರೀ ಬಾಕ್ಸ್’ ಅಂತ ಕಳಿಸ್ದೆ. ಮ್ಯಾನೇಜರ್ ಎರಡು ಕಡೆ ಹಳದಿ ಬಳಿದು ವಾಪಸ್ ಕಳಿಸಿದ್ರು. ‘ಬಾಕ್ಸಸ್’ ಆಗ್ಬೇಕಿತ್ತು ಅಂತ ಆಮೇಲೆ ಹೊಳೀತು. ಆದ್ರೆ ‘ಒನ್’ ಅಂದ್ಮೇಲೂ ‘ಕಸ್ಟಮರ್ಸ್’ ಯಾಕೆ?

ರಿಟೈರ್ಡ್ ಮೇಷ್ಟ್ರು:
ಇದು ಕನ್ನಡದ ರೂಢಿ ಮಾಡಿಸೋ ತಪ್ಪು. ‘ಮೂರು ಪೆಟ್ಟಿಗೆ’, ‘ಹತ್ತು ರೂಪಾಯಿ’ ಅಂತೀವಿ, ‘ಗಳು’ ಬೇಕಾಗೋದೇ ಇಲ್ಲ. ಆದರೆ ‘ಇಬ್ಬರು ಹುಡುಗ’ ಅಂತ ಯಾರಾದರೂ ಅಂದರೆ? ಕಿವಿಗೆ ಚುಚ್ಚುತ್ತೆ, ‘ಹುಡುಗರು’ ಅಂತಲೇ ಬರಬೇಕು. ಇಂಗ್ಲಿಷಿನವರಿಗೆ ‘ತ್ರೀ ಬಾಕ್ಸ್’ ಕೇಳಿದರೆ ಹಾಗೇ ಆಗೋದು.

‘ಒನ್ ಆಫ್’ ಬಗ್ಗೆ: ಕನ್ನಡದಲ್ಲೇ ಹೇಳಿ ನೋಡಿ. ‘ನಮ್ಮ ಗಿರಾಕಿಗಳಲ್ಲಿ ಒಬ್ಬರು’. ನಾವೂ ‘ಗಿರಾಕಿಯಲ್ಲಿ ಒಬ್ಬರು’ ಅನ್ನಲ್ಲ ತಾನೇ? ಗುಂಪಿದ್ದರೆ ತಾನೇ ಅದರಿಂದ ಒಬ್ಬರನ್ನ ಆರಿಸೋದು. ಅದಕ್ಕೇ ‘ಕಸ್ಟಮರ್ಸ್’. ಡಬ್ಬ ವಾಪಸ್ ಮಾಡಿದ್ದು ಒಬ್ಬರೇ ಆದ್ದರಿಂದ ‘ಹ್ಯಾಸ್’. ಅದನ್ನ ಸರಿಯಾಗೇ ಬರೆದಿದ್ದೀರಿ.

ಹಾಸನದ ಹುಡುಗ:
ಥ್ಯಾಂಕ್ಸ್ ಸರ್. ಹಾಗಾದ್ರೆ ‘ಎವ್ರಿ ಕಸ್ಟಮರ್ಸ್’, ‘ಟೆನ್ ರುಪೀಸ್ ನೋಟ್’ ಸರೀನಾ?

ಪ್ರೂಫ್ ನೋಡೋಳು:
ಎರಡೂ ತಪ್ಪು :) ‘ಎವ್ರಿ’, ‘ಈಚ್’ ಒಬ್ಬೊಬ್ಬರನ್ನೇ ಎಣಿಸೋ ಪದಗಳು, ‘ಎವ್ರಿ ಕಸ್ಟಮರ್’ ಸಾಕು. ‘ಈಚ್ ಆಫ್’ ಬಂತೋ, ಮೇಷ್ಟ್ರು ಹೇಳಿದ ಗುಂಪು ಮತ್ತೆ ಬಂತು: ‘ಈಚ್ ಆಫ್ ದ ಕಸ್ಟಮರ್ಸ್’.

ನೋಟಿನ ವಿಷಯ ಬೇರೆ. ಅಲ್ಲಿ ‘ಟೆನ್-ರುಪೀ’ ಅನ್ನೋದು ಎಂಥ ನೋಟು ಅಂತ ಹೇಳೋ ವಿಶೇಷಣ, ಅದಕ್ಕೆ ‘ಎಸ್’ ಹತ್ತಲ್ಲ. ಐದು ನೋಟಿದ್ದರೆ ‘ಫೈವ್ ಟೆನ್-ರುಪೀ ನೋಟ್ಸ್’. ಜೇಬಲ್ಲಿರೋ ದುಡ್ಡು ಮಾತ್ರ ‘ಫಿಫ್ಟಿ ರುಪೀಸ್’.

ಇನ್ನೊಂದು, ‘ಎಸ್’ ಹಾಕೋ ಚಟ ಹತ್ತಿದ ಮೇಲೆ ‘ಫರ್ನಿಚರ್ಸ್’, ‘ಲಗೇಜಸ್’ ಶುರುವಾಗುತ್ತೆ. ನಾನೇ ಬರೆದು ಬೈಸಿಕೊಂಡಿದ್ದೀನಿ. ಎಷ್ಟೇ ಇದ್ದರೂ ‘ಎ ಲಾಟ್ ಆಫ್ ಫರ್ನಿಚರ್’. ಎಣಿಸಲೇಬೇಕಿದ್ದರೆ ‘ತ್ರೀ ಪೀಸಸ್ ಆಫ್ ಲಗೇಜ್’.

ಬರೆಯೋವಾಗ ತಲೆ ಕೆಡಿಸ್ಕೋಬೇಡಿ. ಕಳಿಸೋ ಮುಂಚೆ ಮೇಲ್‌ನಲ್ಲಿ ಸಂಖ್ಯೆ ಎಲ್ಲಿದೆ, ‘ಮೆನಿ’, ‘ಸೆವೆರಲ್’, ‘ಒನ್ ಆಫ್’ ಎಲ್ಲಿದೆ ಅಂತ ಹುಡುಕಿ, ಮುಂದಿನ ನಾಮಪದ ಒಂದ್ಸಲ ನೋಡಿ. ಅರ್ಧ ನಿಮಿಷದ ಕೆಲಸ.

ಹಾಸನದ ಹುಡುಗ:
ಹಂಗೇ ಹಳೇ ಫೈಲ್‌ಗಳನ್ನ ನೋಡ್ತಾ ಹೋದೆ ಮೇಡಂ. ರೆಸ್ಯೂಮಿನ ಮೊದಲನೇ ಸಾಲಲ್ಲೇ ‘ಫೋರ್ ಇಯರ್ ಆಫ್ ಎಕ್ಸ್‌ಪೀರಿಯನ್ಸ್’ ಅಂತಿದೆ. ಅದನ್ನೇ ನೋಡಿ ಕೆಲಸ ಕೊಟ್ರಲ್ಲ!